ಇವು ನಮ್ಮ ಮಾತಲ್ಲ

ಆಲಮೇಲ
12 ಜುಲೈ 2024

ತಮ್ಮ ಶಿವಪುತ್ರನಿಗೆ ಅಕ್ಕ ಗುರುಬಾಯಿಯ ಆಶೀರ್ವಾದ, ಬೈಗುಳ ಎರಡೂ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ವಾರವಾಯಿತು. ಎತ್ತು ಮಾಡಿದವರು ಮಾಡಿ, ಪೂಜಿಸಿದವರು ಪೂಜಿಸಿ, ಓಣಿಯ ಹುಡುಗರು ಅವುಗಳ ಕೋಡು ಮುರಿದದ್ದೂ ಆಯಿತು. ನಿನ್ನ ಕಾಗದ ಮಾತ್ರ ಬರಲಿಲ್ಲ. ಟಿಬಿಯ ಸೂಜಿಯಿಂದ ನನ್ನ ಕಿವಿ ಹೋದಾಗ, ಪ್ರತಿ ಅಮಾವಾಸ್ಯೆಗೆ ಒಂದು ಕಾಗದ ಹಾಕುತ್ತೇನೆ ಅಂದವನು ನೀನು. ಆಪರೇಷನ್ ಆದ ತಿಂಗಳೂ ತಪ್ಪಿಸಲಿಲ್ಲ. ನಾನು ಪಕ್ಕದ ವಾರ್ಡಿನಲ್ಲೇ ಮಲಗಿದ್ದರೂ ನೀನು ನರ್ಸಿನ ಕೈಯಲ್ಲಿ ಚೀಟಿ ಕಳಿಸಿದ್ದೆ. ಈಗ ಏನಾಗಿದೆ ಧಾಡಿ?

ಚನ್ನಬಸಯ್ಯನ ಅಂಗಡಿಗೆ ಫೋನು ಮಾಡಿ ಸುದ್ದಿ ಹೇಳಿಸಬೇಡ. ನನ್ನ ಮನೆಯ ಸುದ್ದಿಯನ್ನು ಅವನು ಸಕ್ಕರೆ ತೂಗುತ್ತ ನಾಲ್ಕು ಜನರೆದುರು ಕೂಗಿ ಹೇಳುತ್ತಾನೆ, ನನಗೊಬ್ಬಳಿಗೇ ಕೇಳಿಸುವುದಿಲ್ಲ.

ನನ್ನ ಮಗಳು ಹೇಗಿದ್ದಾಳೆ? ಅನುರಾಧೆಯನ್ನು ಕೇಳುತ್ತಿಲ್ಲ, ಅವಳು ನಿನ್ನ ಮಗಳು. ನಾನು ನಿನಗೆ ಕೊಟ್ಟ ಕಿಡ್ನಿಯನ್ನು ಕೇಳುತ್ತಿದ್ದೇನೆ. ಒಂಬತ್ತು ವರ್ಷದಿಂದ ನಿನ್ನ ಮನೆಯಲ್ಲಿ ಸಂಸಾರ ಮಾಡುತ್ತಿದ್ದಾಳೆ, ಒಂದು ಸಲವಾದರೂ ತವರಿಗೆ ಕಳಿಸಿದ್ದೀಯಾ? ಗುಳಿಗೆ ಹೊತ್ತಿಗೆ ಸರಿಯಾಗಿ ನುಂಗು. ಆ ಗುಳಿಗೆಗಳು ನಿನ್ನ ಮೈಯ ಕಾವಲುಗಾರರನ್ನು ಮಲಗಿಸಿ ಇಟ್ಟಿವೆ, ಎದ್ದರೆ ಅವರು ನನ್ನ ಮಗಳನ್ನು ಹೊರಗಿನವಳೆಂದು ಒದ್ದು ಓಡಿಸುತ್ತಾರೆ ಎಂದು ಡಾಕ್ಟರ್ ದೇವಾನಂದ ಕೈಸನ್ನೆಯಲ್ಲಿ ಮಾಡಿ ತೋರಿಸಿದ್ದು ನೆನಪಿದೆ ತಾನೇ.

ಎರಡು ಸಾಲಾದರೂ ಬರೆ.

ನಿನ್ನ ಅಕ್ಕ
ಗುರುಬಾಯಿ


ಕಾಂದಿವಲಿ, ಮುಂಬೈ
24 ಜುಲೈ 2024

ಅತ್ತೆ, ನಮಸ್ಕಾರ.

ಅಪ್ಪನ ಬದಲು ನಾನು ಅನುರಾಧಾ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಹಳೆಯ ವಿಳಾಸಕ್ಕೆ ಹೋಗಿ, ಸುತ್ತಿ ಬಳಸಿ ನಮ್ಮ ಕೈ ಸೇರಿತು. ಜೋಗೇಶ್ವರಿಯ ನಮ್ಮ ಚಾಳನ್ನು ಬಿಲ್ಡಿಂಗ್ ಕಟ್ಟಲು ಕೆಡವಿದ್ದಾರೆ. ಅಲ್ಲಿದ್ದ ನಮ್ಮ ಕಡೆಯವರೆಲ್ಲ ದಿಕ್ಕಿಗೊಬ್ಬರಾಗಿ ಹೋದರು. ನಾವು ಕಾಂದಿವಲಿಯಲ್ಲಿ ಒಂದು ಖೋಲಿ ಹಿಡಿದಿದ್ದೇವೆ, ಅಪ್ಪ ಲಿಫ್ಟ್‌ಮ್ಯಾನ್ ಆಗಿರುವ ಬಿಲ್ಡಿಂಗಿಗೂ ನಾನು ಬಿಲ್ ಮಾಡುವ ಅಂಗಡಿಗೂ ಹತ್ತಿರ. ಸುತ್ತಮುತ್ತ ಕನ್ನಡ ಮಾತಾಡುವವರು ಒಬ್ಬರೂ ಇಲ್ಲ.

ಅಪ್ಪ ಕಾಗದ ಬರೆಯಲು ಕುಳಿತಿದ್ದರು. ಪೆನ್ನು ಹಿಡಿದು ಬಹಳ ಹೊತ್ತು ಹಾಳೆ ನೋಡಿ, "ನೀನ ಬರಿ" ಎಂದು ನನ್ನ ಕಡೆ ತಳ್ಳಿದರು. ಬೇಸರದಲ್ಲಿದ್ದಾರೆ. ಕೆಲಸದಲ್ಲೂ ಗಮನವಿಲ್ಲ. ಮೂರನೆಯ ಮಹಡಿ ಎಂದವರನ್ನು ಏಳಕ್ಕೆ ಒಯ್ಯುತ್ತಾರಂತೆ. ಸೊಸೈಟಿಯ ಸೆಕ್ರೆಟರಿ ಒಮ್ಮೆ ನಗುತ್ತ ಹೇಳಿದರು, ಎರಡನೆಯ ಸಲ ಹೇಳುವಾಗ ನಗುತ್ತಿರಲಿಲ್ಲ. ಚಾಳು ಹೋದ ದುಃಖ ಎಂದುಕೊಂಡಿದ್ದೇನೆ.

ನಿಮ್ಮ ಮಗಳು ಚೆನ್ನಾಗಿದ್ದಾಳೆ. ಕಳೆದ ವಾರ ರಕ್ತದ ತಪಾಸಣೆ ಆಯಿತು. "ಕಿಡ್ನಿ ಏಕ್‌ದಮ್ ಮಸ್ತ್" ಎಂದು ಡಾಕ್ಟರ್ ದೇವಾನಂದ ಅಪ್ಪನ ಬೆನ್ನು ತಟ್ಟಿದರು.

ಒಂದು ವಿಷಯ ಹೇಳಲು ನಾಚಿಕೆ. ಅಪ್ಪ ಈಗ ಊರಿನ ಮಾತು ಬಹಳ ಆಡುತ್ತಾರೆ, ನನಗೆ ಅರ್ಧ ತಿಳಿಯುವುದಿಲ್ಲ. ಆಯಿ ಬದುಕಿರುವವರೆಗೆ ಅಪ್ಪನೂ ಹೆಂಡತಿಯ ಮರಾಠಿಯನ್ನೇ ಮನೆಯಲ್ಲಿ ಆಡುತ್ತಿದ್ದರು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವಳು, ಪುಸ್ತಕದ ಕನ್ನಡ ಬರುತ್ತದೆ. ಊರಿನ ಕನ್ನಡ ಎದುರಾದರೆ ಮಾತ್ರ ನಾನೂ ಮುಂಬೈಯವಳೇ.

ನಿಮ್ಮ
ಅನು


ಆಲಮೇಲ
2 ಆಗಸ್ಟ್ 2024

ಅನೂ,

ನಿನ್ನ ಅಕ್ಷರ ಮುತ್ತಿನ ಹಾಗಿದೆ. ನಿನ್ನ ಅಪ್ಪನದು ಕೋಳಿ ಕೆದರಿದ ಹಾಗೆ. ಆದರೂ ನನಗೆ ಅದೇ ಬೇಕು ಎಂದು ಅವನಿಗೆ ಹೇಳು.

ಅವನು ಊರಿನ ಮಾತು ಆಡುತ್ತಾನೆ ಎಂದು ಓದಿ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ. ಮುಂಬೈಗೆ ಹೋದ ಮೊದಲ ವರ್ಷವೇ "ಕಾಯ್ ಝಾಲಾ", "ಕ್ಯಾ ಹುವಾ" ಎಂದು ಶುರು ಮಾಡಿ ನನ್ನಿಂದ ಪೆಟ್ಟು ತಿಂದವನು. ವಯಸ್ಸಾದಂತೆ ಮನಸ್ಸು ಮನೆಯ ಕಡೆ ತಿರುಗುತ್ತದೆ. ಆಡಲಿ ಬಿಡು. ನಮ್ಮ ಅವ್ವ ಆಡುತ್ತಿದ್ದ ಎಷ್ಟೋ ಮಾತು ನನಗೇ ಮರೆತುಹೋಗಿವೆ.

ತಿಳಿಯದಿದ್ದರೆ ನಾಚಬೇಡ. ಅವನು ಅಂದದ್ದನ್ನು ಅಂದ ಹಾಗೆಯೇ ಬರೆದು ಕಳಿಸು, ನಾನು ಅರ್ಥ ಬರೆಯುತ್ತೇನೆ. ಬ್ಲೌಸು ಹೊಲಿಯುವುದನ್ನು ಕಲಿಯಲು ಬರುವ ಹುಡುಗಿಯರಿಗೆ ಹೇಳಿಕೊಡುತ್ತೇನೆ, ನಿನಗೆ ಹೇಳಿಕೊಡಲಾರೆನೇ.

ಲಿಫ್ಟಿನ ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಅವನು ಲೆಕ್ಕದಲ್ಲಿ ತಪ್ಪುವವನಲ್ಲ. ಟೈಲ್ಸ್ ಕೂಡಿಸುವ ಕೆಲಸದಲ್ಲಿದ್ದಾಗ ಕೋಣೆ ನೋಡಿಯೇ ಎಷ್ಟು ಫರಸಿ ಬೇಕು ಹೇಳುತ್ತಿದ್ದ. ಕಣ್ಣು ತೋರಿಸು.

ಅತ್ತೆ
ಗುರುಬಾಯಿ


ಕಾಂದಿವಲಿ
13 ಆಗಸ್ಟ್ 2024

ಅತ್ತೆ,

ಕಣ್ಣು ತೋರಿಸಿದೆ. ಕಣ್ಣಿನಲ್ಲಿ ದೋಷವಿಲ್ಲ ಎಂದರು. ಆದರೆ ಬಲಗಡೆ ಇರುವುದು ಅಪ್ಪನಿಗೆ ಕಾಣುತ್ತಿಲ್ಲ. ತಟ್ಟೆಯ ಬಲಗಡೆಯ ಪಲ್ಯ ಹಾಗೇ ಉಳಿಯುತ್ತದೆ, ತಟ್ಟೆ ತಿರುಗಿಸಿಟ್ಟರೆ ಉಣ್ಣುತ್ತಾರೆ. ಬಾಗಿಲ ಚೌಕಟ್ಟಿಗೆ ಬಲ ಭುಜ ಬಡಿದುಕೊಂಡು ನೀಲಿಗಟ್ಟಿದೆ.

ಹೆದರಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಹಿಂದಿಯಲ್ಲಿ ಹೆಸರು, ಊರು ಕೇಳಿದರು. ಅಪ್ಪ ಉದ್ದಕ್ಕೆ ಏನೋ ಉತ್ತರ ಕೊಟ್ಟರು. ಡಾಕ್ಟರು ನನ್ನ ಮುಖ ನೋಡಿ, "ಕ್ಯಾ ಬೋಲ್ ರಹೇ ಹೈ?" ಎಂದರು. "ಹಮಾರೀ ಭಾಷಾ ಮೇ ಬೋಲ್ ರಹೇ ಹೈ" ಎಂದೆ. ತಮ್ಮ ಭಾಷೆಯಲ್ಲಿ ಸರಿಯಾಗಿ ಮಾತಾಡುತ್ತಾರೆ ಎಂದು ಅವರು ಕೇಸ್ ಪೇಪರಿನಲ್ಲಿ ಬರೆದುಕೊಂಡರು. ಜ್ವರವಿಲ್ಲ, ಬಿಪಿ ಸರಿ, ತಲೆಯ ಫೋಟೋದಲ್ಲಿ ರಕ್ತಸ್ರಾವವಿಲ್ಲ. ಸಣ್ಣ ಪಾರ್ಶ್ವವಾಯು ಬಂದು ಹೋಗಿರಬಹುದು ಎಂದು ಗುಳಿಗೆ ಕೊಟ್ಟು ಕಳಿಸಿದರು.

ನೀವು ಹೇಳಿದಂತೆ ಮಾತುಗಳನ್ನು ಬರೆದಿದ್ದೇನೆ. ನನ್ನ ಕಿವಿಗೆ ಬಿದ್ದ ಹಾಗೆ:

"ಆ ತುಂಬರಸಿ ಗೊಳಕ್ಯಾಗ ಇಡವಾ."
"ಮುರುಕಣಿ ಬಂತೇನು?"
"ನಿಮ್ಮತ್ತಿ ಸಂದಳ್ಯಾ ಲಬಕಿ ಮಾಡ್ಯಾಳ."
"ಕಸಬಳಿ ತಾ, ಕಸಬಳಿ."

ಕಸಬಳಿ ಎಂದಾಗ ನೀರು ಕೊಟ್ಟೆ, ದೂಡಿದರು. ಟವೆಲ್ ಕೊಟ್ಟೆ, ತೆಗೆದುಕೊಂಡರು. ಕಸಬಳಿ ಎಂದರೆ ಟವೆಲ್ ಎಂದು ಕಲಿತೆ. ಮರುದಿನ ಫ್ಯಾನಿಗೂ ಕಸಬಳಿ ಅಂದರು. ಸಂಜೆ ನನ್ನ ಕಡೆ ಕೈ ತೋರಿಸಿ ಅದೇ ಅಂದರು. ಊರಿನಲ್ಲಿ ಒಂದೇ ಪದಕ್ಕೆ ಅಷ್ಟು ಅರ್ಥವಿದೆಯೇ ಅತ್ತೆ?

ನಾನು "ಹೂಂ ಅಪ್ಪಾ" ಎನ್ನುತ್ತೇನೆ. ಮೊದಮೊದಲು ಅದಕ್ಕೆ ಸಮಾಧಾನವಾಗುತ್ತಿತ್ತು. ಈಗ ಹೂಂ ಎಂದರೆ ನನ್ನನ್ನೇ ನೋಡುತ್ತಾರೆ, ಆಮೇಲೆ ಗೋಡೆಯ ಕಡೆ ತಿರುಗುತ್ತಾರೆ. ಆ ನೋಟ ಕಂಡರೆ ನನಗೆ ಭಯವಾಗುತ್ತದೆ. ಬೇಗ ಅರ್ಥ ಬರೆಯಿರಿ.

ಅನು


ಆಲಮೇಲ
19 ಆಗಸ್ಟ್ 2024

ಅನೂ,

ಇವು ನಮ್ಮ ಮಾತಲ್ಲ.

ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. ಮರೆತಿರಬಹುದೇನೋ ಎಂದು ಓಣಿಯ ಹಿರಿಯರೊಬ್ಬರಿಗೆ ಓದಿ ಹೇಳಿದೆ, ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ತುಂಬರಸಿ ಇಲ್ಲ, ಗೊಳಕಿ ಇಲ್ಲ, ಕಸಬಳಿ ಇಲ್ಲ. ಇವು ನಮ್ಮೂರಿನವಲ್ಲ, ಯಾವ ಊರಿನವೂ ಅಲ್ಲ. "ಇಡವಾ", "ಬಂತೇನು", "ಮಾಡ್ಯಾಳ" ಇಷ್ಟೇ ನಮ್ಮವು. ಧಾಟಿ ಅವನದೇ, ಒಳಗೆ ಮಾತಿಲ್ಲ. ನಾನು ಮೂರ್ಖಳ ಹಾಗೆ ಸಂತೋಷಪಟ್ಟೆ.

ನಿನ್ನೆ ಚನ್ನಬಸಯ್ಯನಿಂದ ಫೋನು ಮಾಡಿಸಿದ್ದು ನಾನೇ. ಅಂಗಡಿಯಲ್ಲಿ ಯಾರು ಇದ್ದರು ಎಂದು ನೋಡಲಿಲ್ಲ. ಇವತ್ತೇ ಡಾಕ್ಟರ್ ದೇವಾನಂದರ ಹತ್ತಿರ ಒಯ್ಯು ಎಂದು ಹೇಳಿಸಿದೆ. ಅವನು ಸರಿಯಾಗಿ ಹೇಳಿದನೋ ಇಲ್ಲವೋ ನನಗೆ ಕೇಳಿಸಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಡಾಕ್ಟರಿಗೆ ತೋರಿಸು. ತನ್ನ ಭಾಷೆಯಲ್ಲಿ ಸರಿಯಾಗಿ ಮಾತಾಡುತ್ತಾನೆ ಎಂದು ಬರೆದದ್ದು ಸುಳ್ಳು, ಅವನ ಒಡಹುಟ್ಟಿದವಳು ಹೇಳುತ್ತಿದ್ದಾಳೆ ಎಂದು ಹೇಳು.

ಇವತ್ತಿನ ಟಪಾಲಿಗೇ ಹಾಕಬೇಕು. ಅಕ್ಷರ ಸರಿಯಿಲ್ಲ.

ಗುರುಬಾಯಿ


ಆಸ್ಪತ್ರೆಯಿಂದ
5 ಸೆಪ್ಟೆಂಬರ್ 2024

ಅತ್ತೆ,

ಚನ್ನಬಸಯ್ಯನವರು ಸರಿಯಾಗಿಯೇ ಹೇಳಿದ್ದರು. ಅಪ್ಪ ಈಗ ಕಿಡ್ನಿ ಹಾಕಿದ ಆಸ್ಪತ್ರೆಯಲ್ಲೇ ಇದ್ದಾರೆ, ಆದರೆ ಮೆದುಳಿನ ವಾರ್ಡಿನಲ್ಲಿ. ನೋಡುತ್ತಿರುವವರು ಡಾಕ್ಟರ್ ಜೇಬುನ್ನೀಸಾ. ನಿಮ್ಮ ಕಾಗದವನ್ನು ಅವರಿಗೆ ಹಿಂದಿಯಲ್ಲಿ ಓದಿ ಹೇಳಿದೆ. ಅವರು ಅದರ ಫೋಟೋ ತೆಗೆದುಕೊಂಡು, ಇದು ಯಾವಾಗಿನಿಂದ, ಮೊದಲು ತಪ್ಪಿದ್ದು ಮಾತೋ ಲಿಫ್ಟಿನ ಬಟನ್ನೋ ಎಂದು ಬಿಡಿಸಿ ಬಿಡಿಸಿ ಕೇಳಿದರು. ಪಾರ್ಶ್ವವಾಯು ಒಂದು ಗಳಿಗೆಯಲ್ಲಿ ಬರುತ್ತದೆ, ಇದು ವಾರಗಟ್ಟಲೆ ತೆವಳುತ್ತ ಬಂದಿದೆ ಎಂದರು.

ಎಂಆರ್‌ಐ ಆಯಿತು. ಎಡಗಡೆಯ ಮೆದುಳಿನಲ್ಲಿ, ಮಾತಿನ ಜಾಗದಲ್ಲಿ, ಬಿಳಿ ಮಚ್ಚೆ ಇದೆ. ನನಗೂ ತೋರಿಸಿದರು. ಹಾಲು ಚೆಲ್ಲಿದ ಹಾಗೆ ಕಾಣುತ್ತದೆ.

ಆಮೇಲೆ ಬೆನ್ನಿನಿಂದ ನೀರು ತೆಗೆಯಬೇಕು, ಸಹಿ ಮಾಡಿ ಎಂದರು. ಪಕ್ಕದ ಹಾಸಿಗೆಯ ಹೆಂಗಸು ನನ್ನ ಕೈ ಹಿಡಿದು, "ಪಾಠೀಚಂ ಪಾಣಿ ಕಾಢೂ ದೇಊ ನಕೋ, ಪಾಯ್ ಜಾತಾತ" ಎಂದಳು. ನೀರು ತೆಗೆಸಿದರೆ ಕಾಲೇ ಹೋಗುತ್ತವಂತೆ. ಅವಳ ಭಾವನದು ಹೋಯಿತಂತೆ. ಪೆನ್ನು ಹಿಡಿದು ನಿಂತವಳಿಗೆ ಸಹಿಯೇ ಮರೆತುಹೋಯಿತು. ಡಾಕ್ಟರ್ ಜೇಬುನ್ನೀಸಾ ನನ್ನನ್ನು ಕೂರಿಸಿ ತಮ್ಮ ಬೆನ್ನಿನ ಮೇಲೇ ಬೆರಳಿಟ್ಟು ತೋರಿಸಿದರು. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಸೂಜಿ ಅದನ್ನು ಮುಟ್ಟುವುದಿಲ್ಲ, ಕಾಲು ಹೋದವರದು ರೋಗದಿಂದ ಹೋಗಿರುತ್ತದೆ ಎಂದರು. ಸಹಿ ಮಾಡಿದೆ. ಅಪ್ಪನನ್ನು ಮಗ್ಗುಲಾಗಿ ಮಲಗಿಸಿ ಮಂಡಿ ಮಡಿಸಿದಾಗ ಅವರು ನನ್ನ ಬೆರಳು ಬಿಡಲಿಲ್ಲ. ನೀರು ತಿಳಿಯಾಗಿತ್ತು.

ವರದಿ ಬಂತು. ಏನೂ ಇಲ್ಲ. ಟಿಬಿ ಇಲ್ಲ, ಬ್ಯಾಕ್ಟೀರಿಯಾ ಇಲ್ಲ, ವೈರಸ್ ಇಲ್ಲ. ನಾನು ಅಲ್ಲೇ ಅತ್ತುಬಿಟ್ಟೆ, ಸಂತೋಷದಿಂದ. ಡಾಕ್ಟರಿಗೆ ಸಂತೋಷವಾಗಲಿಲ್ಲ. ಬೇರೆಯವರ ಮೈಯಲ್ಲಿ ವೈರಸ್ ಬಂದರೆ ಗಲಾಟೆಯಾಗುತ್ತದೆ, ಜ್ವರ ಬರುತ್ತದೆ, ನೀರಿನಲ್ಲಿ ಬಿಳಿ ಕಣ ತುಂಬುತ್ತವೆ. ನಿಮ್ಮ ತಂದೆಯ ಕಾವಲುಗಾರರು ಗುಳಿಗೆಯಿಂದ ಮಲಗಿದ್ದಾರೆ, ಕಳ್ಳ ಸದ್ದಿಲ್ಲದೆ ಓಡಾಡುತ್ತಿರಬಹುದು. ಮೊದಲ ಸಲ ಸಿಗಲಿಲ್ಲವೆಂದರೆ ಇಲ್ಲ ಎಂದಲ್ಲ. ಮತ್ತೊಮ್ಮೆ ತೆಗೆಯಬೇಕು ಎಂದರು.

ಇಲ್ಲ ಎಂದ ವರದಿಯೂ ಇಷ್ಟು ಹೆದರಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀವು ಚಿಂತೆ ಮಾಡಬೇಡಿ.

ಅನು


ಆಲಮೇಲ
12 ಸೆಪ್ಟೆಂಬರ್ 2024

ಅನೂ,

ಚಿಂತೆ ಮಾಡಬೇಡಿ ಎಂದು ಇನ್ನೊಮ್ಮೆ ಬರೆದರೆ ನಿನ್ನ ಕಿವಿ ಹಿಂಡುತ್ತೇನೆ. ಹೊಲಿಗೆ ಮಿಷನ್ ಮುಂದೆ ಕೂರುತ್ತೇನೆ, ತೋಳು ಕೂಡಿಸುವಲ್ಲಿ ಕತ್ತು ಕೂಡಿಸುತ್ತೇನೆ. ಹುಡುಗಿಯರು ನನ್ನ ಬೆನ್ನ ಹಿಂದೆ ನಗುತ್ತಾರೆ. ನಗಲಿ.

ಇನ್ನೊಮ್ಮೆ ನೀರು ತೆಗೆಸು. ಆ ಡಾಕ್ಟರ್ ಬಾಯಿ ಹೇಳಿದ ಹಾಗೆ ಕೇಳು. ನನ್ನಿಂದ ಒಂದನ್ನೂ ಮುಚ್ಚಿಡಬೇಡ, ಅರ್ಧ ಗೊತ್ತಾದರೆ ಉಳಿದರ್ಧವನ್ನು ನಾನೇ ಕಟ್ಟಿಕೊಂಡು ಸಾಯುತ್ತೇನೆ.

ನಾನೇ ಬರಬೇಕು, ಆದರೆ ಒಬ್ಬಳೇ ಹೊರಡಲು ಧೈರ್ಯವಿಲ್ಲ. ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಗಾಡಿ ಬದಲಾಯಿತು ಎಂದು ಕೂಗಿದರೆ ನನಗೆ ಹೇಗೆ ಗೊತ್ತಾಗಬೇಕು.

ಅತ್ತೆ


ಆಸ್ಪತ್ರೆಯಿಂದ
27 ಸೆಪ್ಟೆಂಬರ್ 2024

ಅತ್ತೆ,

ಈ ಕಾಗದವನ್ನು ಬರೆದು ಬರೆದು ಹರಿದಿದ್ದೇನೆ. ಮುಚ್ಚಿಡಬೇಡ ಎಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯ ಸಲದ ನೀರಿನಲ್ಲಿ ಸಿಕ್ಕಿತು. ಜೆಸಿ ಎಂಬ ವೈರಸ್. ಹೊರಗಿನಿಂದ ಈಗ ಬಂದದ್ದಲ್ಲವಂತೆ. ಬಹಳ ಜನರ ಮೈಯಲ್ಲಿ ಚಿಕ್ಕಂದಿನಿಂದ ಇರುತ್ತದೆ, ನಿಮ್ಮಲ್ಲೂ ನನ್ನಲ್ಲೂ ಇರಬಹುದು, ಸಾಯುವವರೆಗೆ ಸುಮ್ಮನೆ ಮಲಗಿರುತ್ತದೆ. ಅಪ್ಪನ ಕಾವಲುಗಾರರು ಒಂಬತ್ತು ವರ್ಷ ಮಲಗಿದ್ದರಿಂದ ಇದು ಎದ್ದಿದೆ. ಮೆದುಳಿನ ತಂತಿಗಳ ಮೇಲಿನ ಹೊದಿಕೆಯನ್ನು ಸುಲಿಯುತ್ತಿದೆ.

ಔಷಧಿ ಕೊಡಿ ಎಂದೆ. ಈ ವೈರಸ್ಸಿಗೆಂದೇ ಇರುವ ಔಷಧಿ ಇಲ್ಲ ಎಂದರು. ಇರುವುದು ಒಂದೇ ದಾರಿ, ಮಲಗಿದ ಕಾವಲುಗಾರರನ್ನು ಎಬ್ಬಿಸುವುದು. ಎಂದರೆ ಕಿಡ್ನಿ ಕಾಯುವ ಗುಳಿಗೆಗಳನ್ನು ನಿಲ್ಲಿಸುವುದು. ಎದ್ದವರು ವೈರಸ್ಸಿನ ಮೇಲೆ ಬೀಳಬಹುದು. ನಿಮ್ಮ ಮಗಳ ಮೇಲೂ ಬೀಳುತ್ತಾರೆ.

ಡಾಕ್ಟರ್ ದೇವಾನಂದರೂ ಬಂದಿದ್ದರು. ಆ ಕಿಡ್ನಿ ಜೋಡಿಸಿದಾಗ ಇದ್ದವರು ಅವರೇ. "ಕಿಡ್ನಿ ಕೆ ಬಿನಾ ಡಯಾಲಿಸಿಸ್ ಹೈ, ಬೇಟಾ. ದಿಮಾಗ್ ಕಾ ಕೋಯೀ ಡಯಾಲಿಸಿಸ್ ನಹೀ" ಎಂದರು. ಕಿಡ್ನಿ ಹೋದರೆ ಡಯಾಲಿಸಿಸ್ ಇದೆ, ಮೆದುಳಿಗೆ ಅದಿಲ್ಲವಂತೆ. ನಿಲ್ಲಿಸಿದರೂ ಉಳಿಯುತ್ತಾರೆಂಬ ಭರವಸೆಯಿಲ್ಲ. ನಿಲ್ಲಿಸದಿದ್ದರೆ ಉಳಿಯುವುದಿಲ್ಲ.

ನಿಮ್ಮನ್ನು ಕೇಳಬೇಕು ಎಂದೆ. ಕಾಗದ ಹೋಗಿ ಬರುವವರೆಗೆ ಕಾಯಲು ಆಗುವುದಿಲ್ಲ, ಮಚ್ಚೆ ಬೆಳೆಯುತ್ತಿದೆ ಎಂದರು. ಚನ್ನಬಸಯ್ಯನ ಅಂಗಡಿಗೆ ಫೋನು ಹಚ್ಚಿದೆ. ಅವರು ಎತ್ತಿದರು. ಸಕ್ಕರೆ ತೂಗುವವನ ಬಾಯಿಂದ ನಿಮಗೆ ಇದನ್ನು ಹೇಗೆ ಹೇಳಿಸಲಿ? ಆರಾಮ ಇದ್ದೀರೇನು ಎಂದು ಕೇಳಿ ಇಟ್ಟುಬಿಟ್ಟೆ.

ಸಹಿ ಮಾಡಿದ್ದೇನೆ, ಅತ್ತೆ. ಕೊಟ್ಟವರನ್ನು ಕೇಳದೆ ಸಹಿ ಮಾಡಿದ್ದೇನೆ. ನಿನ್ನೆಯಿಂದ ಗುಳಿಗೆ ನಿಂತಿವೆ. ಅಪ್ಪನಿಗೆ ಹೇಳಿಲ್ಲ, ಹೇಳಿದರೂ ತಿಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಗುಳಿಗೆಯ ಹೊತ್ತಿಗೆ ಸರಿಯಾಗಿ ಕೈ ಚಾಚುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ.

ಅನು


ಆಸ್ಪತ್ರೆಯಿಂದ
19 ಅಕ್ಟೋಬರ್ 2024

ಅತ್ತೆ,

ನಿಮ್ಮಿಂದ ಕಾಗದ ಬಂದಿಲ್ಲ. ಮಹಾಲಯ ಅಮಾವಾಸ್ಯೆಯೂ ಹೋಯಿತು. ಸಿಟ್ಟಾಗಿದ್ದರೆ ಬಯ್ದು ಬರೆಯಿರಿ. ನನ್ನ ಹೆಸರು ಹಿಡಿದು ಬಯ್ಯಿರಿ, ಆದರೆ ಸುಮ್ಮನಿರಬೇಡಿ. ಇಲ್ಲಿ ಈಗಾಗಲೇ ಒಬ್ಬರು ಸುಮ್ಮನಾಗಿದ್ದಾರೆ.

ಕಾವಲುಗಾರರು ಎದ್ದರು. ಡಾಕ್ಟರು ಇದನ್ನು ಮೊದಲೇ ಹೇಳಿ ಹೆದರಿಸಿದ್ದರು, ಹಾಗೆಯೇ ಆಯಿತು. ಎಲ್ಲರೂ ಒಮ್ಮೆಗೇ ನುಗ್ಗಿದ್ದರಿಂದ ಮೆದುಳು ಊದಿಕೊಂಡಿತು. ಅಪ್ಪನಿಗೆ ಫಿಟ್ಸ್ ಬಂದು ಐಸಿಯುಗೆ ಒಯ್ದರು. ಊತ ಇಳಿಸುವ ಔಷಧಿ ಕೊಡುತ್ತಿದ್ದಾರೆ. ಗಾಜಿನ ಆಚೆಯಿಂದ ಎದೆ ಏಳುವುದನ್ನು ನೋಡುತ್ತ ನಿಲ್ಲುತ್ತೇನೆ, ಒಂದು ಉಸಿರು ತಡವಾದರೂ ನನ್ನ ಉಸಿರು ನಿಲ್ಲುತ್ತದೆ.

ಮೂತ್ರ ಕಡಿಮೆಯಾಗಿದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಿದೆ. ಡಯಾಲಿಸಿಸ್ ಶುರು ಮಾಡಿದ್ದಾರೆ. ನಿಮ್ಮ ಮಗಳು ಹೋಗುತ್ತಿದ್ದಾಳೆ ಅತ್ತೆ, ನಾನು ತಡೆಯಲಿಲ್ಲ.

ಅನು


ಆಲಮೇಲ
4 ನವೆಂಬರ್ 2024

ಅನೂ,

ಸಿಟ್ಟು ಬಂದಿತ್ತು. ಸುಳ್ಳು ಹೇಳುವುದಿಲ್ಲ. ನಿನ್ನ ಮೇಲಲ್ಲ. ಕಾಗದ ಓದಿ ಪಕ್ಕೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಮಗಳು ಸತ್ತ ಸುದ್ದಿ ಬಂದವಳ ಹಾಗೆ ಅತ್ತೆ. ಬದುಕಿರುವ ತಮ್ಮನನ್ನು ಬಿಟ್ಟು ಅವನ ಹೊಟ್ಟೆಯಲ್ಲಿನ ಮಾಂಸದ ತುಂಡಿಗಾಗಿ ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಹಾಗಾಗಿ ಬರೆಯಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ, ನಗಬೇಡ. ವಿಜಯಪುರಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ಚೀಟಿ ಬರೆದು ಕೊಟ್ಟೆ: "ನನ್ನಲ್ಲಿ ಇನ್ನೊಂದು ಕಿಡ್ನಿ ಇದೆ. ಅದನ್ನೂ ತೆಗೆದುಕೊಂಡು ನನ್ನ ತಮ್ಮನಿಗೆ ಹಾಕಿ." ಅವರು ಅದೇ ಚೀಟಿಯ ಹಿಂದೆ ಬರೆದರು: "ನೀವು ಯಾವುದರ ಮೇಲೆ ಬದುಕುತ್ತೀರಿ?" ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕುಳಿತು ನಕ್ಕೆ, ಆಮೇಲೆ ಅತ್ತೆ. ಪಕ್ಕದವಳು ಸೀಟು ಬದಲಿಸಿದಳು.

ನೀನು ಸಹಿ ಮಾಡಿದ್ದು ಸರಿ. ನಾನು ಇದ್ದರೂ ಅದನ್ನೇ ಮಾಡುತ್ತಿದ್ದೆ, ಆದರೆ ನಿನ್ನಷ್ಟು ಬೇಗ ಮಾಡುತ್ತಿರಲಿಲ್ಲ. ಆ ತಡವೇ ಅವನನ್ನು ಕೊಲ್ಲುತ್ತಿತ್ತು. ಅವನಿರಲಿ ಎಂದು ಕೊಟ್ಟದ್ದು. ಅವನೇ ಇಲ್ಲದ ಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಲಿ.

ಉಸಿರಾಡುತ್ತಿದ್ದಾನೆಯೇ? ಬೇರೇನೂ ಬೇಡ, ಅದೊಂದು ಬರೆ.

ಅತ್ತೆ


ಕಾಂದಿವಲಿ
9 ಡಿಸೆಂಬರ್ 2024

ಅತ್ತೆ,

ಉಸಿರಾಡುತ್ತಿದ್ದಾರೆ. ಮನೆಗೆ ಕರೆತಂದಿದ್ದೇನೆ. ಮಚ್ಚೆ ಬೆಳೆಯುವುದು ನಿಂತಿದೆ. ನಿಂತೇ ಇರುತ್ತದೆಯೇ ಎಂದರೆ ಡಾಕ್ಟರ್ ಜೇಬುನ್ನೀಸಾ "ಹರ ಮಹೀನೇ ದೇಖೇಂಗೇ", ತಿಂಗಳು ತಿಂಗಳು ನೋಡೋಣ, ಎನ್ನುತ್ತಾರೆ. ಸುಲಿದುಹೋದದ್ದು ಮರಳಿ ಬರುವುದು ಕಷ್ಟವಂತೆ. ಕಿಡ್ನಿ ಪೂರ್ತಿ ನಿಂತಿತು. ಡಯಾಲಿಸಿಸ್ಸಿಗೆ ರಿಕ್ಷಾದಲ್ಲಿ ಒಯ್ದು ತರುತ್ತೇನೆ.

"ಬ್ಯಾಡ" ಮತ್ತು "ಹೂಂ" ಉಳಿದಿವೆ. ಉಳಿದದ್ದೆಲ್ಲ ಅವೇ ತುಂಬರಸಿ, ಕಸಬಳಿ. ನನಗೆ ತಿಳಿಯದಿದ್ದಾಗ ತಟ್ಟೆ ತಳ್ಳುತ್ತಾರೆ. ಹೂಂ ಎಂದು ನಟಿಸಿದರೆ ಇನ್ನೂ ಸಿಟ್ಟು. ತಾವು ಸರಿಯಾಗಿಯೇ ಮಾತಾಡುತ್ತಿದ್ದೇವೆ, ನಾವೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವರಿಗೆ ಅನಿಸುತ್ತದೆ ಎಂದು ಡಾಕ್ಟರು ಹೇಳಿದರು.

ಒಂದನ್ನು ನನ್ನಿಂದ ಹೇಳಲಾಗಿಲ್ಲ. ಗುಳಿಗೆಯ ಹೊತ್ತಿಗೆ ಇವತ್ತಿಗೂ ಕೈ ಚಾಚುತ್ತಾರೆ. ಡಯಾಲಿಸಿಸ್ ಏಕೆ ಎಂದು ತಿಳಿದಿಲ್ಲ. ನೀವು ಕೊಟ್ಟದ್ದು ಹೋಯಿತು ಎಂದು ಗೊತ್ತಾದರೆ ಏನು ಮಾಡಿಕೊಳ್ಳುತ್ತಾರೋ ಎಂದು ನನಗೆ ಬಹಳ ಭಯ. ಪ್ರತಿದಿನ ನಾಳೆ ಹೇಳುತ್ತೇನೆ ಎಂದುಕೊಂಡು ಮಲಗುತ್ತೇನೆ.

ಅನು


ಆಲಮೇಲ
19 ಡಿಸೆಂಬರ್ 2024

ಅನೂ,

ಎಳ್ಳ ಅಮಾವಾಸ್ಯೆಗೆ ಬರುತ್ತಿದ್ದೇನೆ. ಒಬ್ಬಳೇ. ನನಗೆ ಕಿವಿ ಕೇಳುವುದಿಲ್ಲ, ಬೋರಿವಲಿಯಲ್ಲಿ ಭುಜ ತಟ್ಟಿ ಇಳಿಸಿ ಎಂದು ಮರಾಠಿಯಲ್ಲಿ ಬರೆಸಿಕೊಂಡಿದ್ದೇನೆ, ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ನೀನು ಬೆಳಿಗ್ಗೆ ಅಲ್ಲಿ ನಿಂತಿರು. ಅವನಿಗೆ ಮೊದಲೇ ಹೇಳಬೇಡ, ನಾನು ಬರುವುದನ್ನೂ, ಆ ಇನ್ನೊಂದನ್ನೂ.

ಅತ್ತೆ


ಕಾಂದಿವಲಿ, ನಿಮ್ಮದೇ ಖೋಲಿ
ಎಳ್ಳ ಅಮಾವಾಸ್ಯೆ, 30 ಡಿಸೆಂಬರ್ 2024

ಅನೂ,

ನೀನು ಅಂಗಡಿಯಿಂದ ಬರುವಷ್ಟರಲ್ಲಿ ನಾನು ಮಲಗಿರುತ್ತೇನೆ, ಎಬ್ಬಿಸಿದರೂ ನಿನ್ನ ಮಾತು ನನಗೆ ಕೇಳಿಸುವುದಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ಇವತ್ತು ಅವನು ದಿನವಿಡೀ ಮಾತಾಡಿದ. ನಾನು ಎದುರಿಗೆ ಕುಳಿತು ಮುಖ ನೋಡುತ್ತಿದ್ದೆ. ಸಿಟ್ಟಾಗಲಿಲ್ಲ. ಅಕ್ಕನಿಗೆ ಕೇಳಿಸುವುದಿಲ್ಲ ಎಂಬುದು ಅವನಿಗೆ ಮರೆತಿಲ್ಲ, ಹಾಗಾಗಿ ನನಗೆ ತಿಳಿಯದಿದ್ದರೆ ಅದು ನನ್ನ ಕಿವಿಯ ತಪ್ಪು. ಎಷ್ಟೋ ವರ್ಷದಿಂದ ನಾನು ಎಲ್ಲರ ಮಾತನ್ನೂ ಹೀಗೇ ಕೇಳುತ್ತಿದ್ದೇನೆ. ಅವನೊಬ್ಬನದು ಹೊಸದಲ್ಲ.

ಗುಳಿಗೆಯ ಹೊತ್ತಿಗೆ ಕೈ ಚಾಚಿದ. ನಾನು ಬೇರೆ ಕಡೆ ನೋಡಲಿಲ್ಲ. ಆ ಕೈ ಹಿಡಿದು ನನ್ನ ಪಕ್ಕೆಯ ಹೊಲಿಗೆಯ ಮೇಲೆ ಇಟ್ಟೆ, ಆಮೇಲೆ ಅವನ ಹೊಟ್ಟೆಯ ಹೊಲಿಗೆಯ ಮೇಲೆ ಇಟ್ಟೆ, ಆಮೇಲೆ ಬಾಗಿಲ ಕಡೆ ಕೈ ಬೀಸಿದೆ. ಹೋದಳು ಎಂದೆ. ನನ್ನ ದನಿ ಎಷ್ಟು ಜೋರಾಯಿತೋ ಗೊತ್ತಿಲ್ಲ, ಪಕ್ಕದ ಖೋಲಿಯವರು ಬಾಗಿಲು ತೆರೆದು ನೋಡಿದರು.

ಅವನಿಗೆ ಗೊತ್ತಿತ್ತು, ಅನೂ. ನನ್ನನ್ನು ನೋಡಿ ತಲೆಯಾಡಿಸಿದ. ಡಯಾಲಿಸಿಸ್ಸಿನ ಸೂಜಿ ಚುಚ್ಚುವ ತೋಳು ತೋರಿಸಿದ. ನಂತರ ನಿನ್ನ ಹಾಸಿಗೆಯ ಕಡೆ ಕೈ ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಬ್ಯಾಡ ಎಂದ. ಆ ಒಂದು ಮಾತು ನಾನು ತುಟಿಯಲ್ಲಿ ಓದಿದೆ. ನಿನಗೆ ಹೇಳಬಾರದಂತೆ. ತನಗೆ ಗೊತ್ತಾಗಿದೆ ಎಂದರೆ ನೀನು ಹೆದರುತ್ತೀಯೆಂದು, ಏನೂ ತಿಳಿಯದವನ ಹಾಗೆ ದಿನವೂ ಗುಳಿಗೆಗೆ ಕೈ ಚಾಚುತ್ತಿದ್ದಾನೆ.

ಅವನಿಗೆ ಮಾತು ಕೊಟ್ಟು, ನಿನಗೆ ಹೇಳಿಬಿಟ್ಟೆ. ನಾಳೆ ಅವನು ಕೈ ಚಾಚಿದರೆ ನಿನ್ನ ಕೈ ಕೊಡು.

ನಾಡಿದ್ದು ಸ್ಕ್ಯಾನ್ ಇದೆ ಎಂದು ನೀನು ಬರೆದು ತೋರಿಸಿದ್ದೆ. ನನಗೂ ಭಯವಾಗುತ್ತಿದೆ, ಮೂವರೂ ಹೋಗೋಣ. ಸಜ್ಜೆ ರೊಟ್ಟಿ, ಪಲ್ಯ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ಉಣ್ಣು.

ಅತ್ತೆ
ಗುರುಬಾಯಿ